ನಕ್ಷೆಯಲ್ಲಿ ಗೆರೆ ಇಲ್ಲ ಅಂದರೆ ನಗರದ ಕೆಳಗೆ ಫಾಲ್ಟ್ ಇಲ್ಲ ಅಂತಾನಾ?

ಓದುಗರ ಪ್ರಶ್ನೆ: ನಾನು ಇರುವ ದೊಡ್ಡ ನಗರದ ಭೂಕಂಪ ನಕ್ಷೆ ನೋಡಿದೆ. ಹತ್ತಿರದಲ್ಲಿ ಒಂದು ಫಾಲ್ಟ್ ಗೆರೆಯೂ ಇಲ್ಲ. ಆದರೂ ನಗರದ ಕೆಳಗೆ ಅಡಗಿದ ಫಾಲ್ಟ್ ಇರಬಹುದು ಅಂತ ವಿಜ್ಞಾನಿಗಳು ಹೇಳುತ್ತಾರೆ. ಕಣ್ಣಿಗೆ ಕಾಣದ್ದು ಇದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ? ಎಲ್ಲೆಲ್ಲೂ ಕಟ್ಟಡ, ರಸ್ತೆ ತುಂಬಿರುವಾಗ ಕೆಳಗೆ ನೋಡುವುದಾದರೂ ಹೇಗೆ? ಒಮ್ಮೆ ಪತ್ತೆಯಾದರೆ ಭೂಕಂಪ ಯಾವಾಗ ಅಂತ ಹೇಳಬಹುದಾ?

ಉತ್ತರ: ಗೆರೆ ಇಲ್ಲ ಅಂದ ಮಾತ್ರಕ್ಕೆ ಫಾಲ್ಟ್ ಇಲ್ಲ ಅಂತ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ತುಂಬಾ ಜನ ಖಾಲಿ ನಕ್ಷೆ ನೋಡಿ ಸದ್ಯ ಬಚಾವ್ ಅಂದುಕೊಂಡು ಸುಮ್ಮನಾಗುತ್ತಾರೆ. ಇಂಥ ನಕ್ಷೆಗಳಲ್ಲಿ ಹೆಚ್ಚಾಗಿ ಇರುವುದು ನೆಲದ ಮೇಲೆ ಕಣ್ಣಿಗೆ ಬಿದ್ದ ಫಾಲ್ಟ್‌ಗಳು. ಯಾರೋ ಹೋಗಿ ನೋಡಿ, ಇಲ್ಲಿ ನೆಲ ಒಡೆದು ಜರುಗಿದೆ ಅಂತ ಗುರುತು ಹಾಕಿದ ಜಾಗಗಳು. ಹುಡುಕಿ ಏನೂ ಸಿಗದ ಕಡೆ ನಕ್ಷೆ ಖಾಲಿ ಇರುತ್ತದೆ. ಯಾರೂ ಹುಡುಕದೇ ಇರುವ ಕಡೆಯೂ ಖಾಲಿಯೇ ಇರುತ್ತದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಕ್ಯಾಲಿಫೋರ್ನಿಯಾದ ಉದಾಹರಣೆ ನೋಡಿ. 1971ರ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ನೆಲ ಸೀಳಿ ಮನೆಗಳೇ ಎರಡಾದವು. ಮರುವರ್ಷ ಆಲ್ಕ್ವಿಸ್ಟ್-ಪ್ರಿಯೊಲೊ ಅನ್ನುವ ಕಾನೂನು ಬಂತು. ಜೀವಂತ ಫಾಲ್ಟ್ ಮೇಲೆ ಮನೆ ಕಟ್ಟಬಾರದು ಅನ್ನುವುದು ಅದರ ಸಾರ. ಒಳ್ಳೆಯ ಕಾನೂನು. ಆದರೆ ಅದಕ್ಕಾಗಿ ಮಾಡಿದ ನಕ್ಷೆಗಳಲ್ಲಿ ನೆಲವನ್ನು ಸೀಳಬಲ್ಲ ಫಾಲ್ಟ್‌ಗಳು ಮಾತ್ರ ಇವೆ. ನೆಲವನ್ನು ಸೀಳದೆ, ಕೆಳಗಿನಿಂದಲೇ ಅಲುಗಾಡಿಸುವ ಫಾಲ್ಟ್‌ಗೆ ಆ ನಕ್ಷೆಯಲ್ಲಿ ಜಾಗವೇ ಇಲ್ಲ. ಇಂಥ ನಕ್ಷೆಯನ್ನು ಯಾವ ಉದ್ದೇಶಕ್ಕೆ ಮಾಡಿದ್ದಾರೆ ಅಂತ ತಿಳಿಯದೆ ಓದಿದರೆ ತಪ್ಪು ಧೈರ್ಯ ಬರುತ್ತದೆ.

ಈಗ ಫಾಲ್ಟ್ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಶಾಲೆಯಲ್ಲಿ ಸ್ತರಭಂಗ ಅಂತ ಓದಿರುತ್ತೀರಿ. ಕಲ್ಲಿನಲ್ಲಿ ಒಂದು ಒಡಕು, ಅದರ ಎರಡು ಬದಿಗಳು ಒಂದಕ್ಕೊಂದು ಉಜ್ಜಿಕೊಂಡು ಜರುಗಿರುತ್ತವೆ. ನಾವು ಗೆರೆ ಅಂತ ಕರೆದರೂ ಅದು ನಿಜಕ್ಕೂ ಒಂದು ಹಾಳೆ ಇದ್ದ ಹಾಗೆ. ಹತ್ತಾರು ಕಿಲೋಮೀಟರ್ ಉದ್ದ, ಕೆಳಕ್ಕೆ ಹತ್ತು ಹದಿನೈದು ಕಿಲೋಮೀಟರ್ ಆಳ. ಈ ಹಾಳೆಯ ಮೇಲಂಚು ನೆಲ ಮುಟ್ಟಿದರೆ ನಮಗೆ ಗೆರೆ ಕಾಣುತ್ತದೆ. ಮುಟ್ಟದಿದ್ದರೆ ಕಾಣುವುದಿಲ್ಲ.

ಮುಟ್ಟದೇ ಇರುವುದಕ್ಕೆ ಎರಡು ಕಾರಣ. ಕೆಲವು ಫಾಲ್ಟ್‌ಗಳು ಒಂದು ಕಾಲದಲ್ಲಿ ನೆಲದವರೆಗೂ ಬಂದಿದ್ದವು, ಆಮೇಲೆ ನದಿಗಳು ಸಾವಿರಾರು ವರ್ಷ ಮರಳು, ಜಲ್ಲಿ, ಹೂಳು ತಂದು ಸುರಿದು ಅವನ್ನು ಮುಚ್ಚಿಬಿಟ್ಟವು. ಇನ್ನು ಕೆಲವು ಯಾವತ್ತೂ ಮೇಲೆ ಬಂದೇ ಇಲ್ಲ. ಇವನ್ನು ಕುರುಡು ಫಾಲ್ಟ್ ಅನ್ನುತ್ತಾರೆ. ಭೂಮಿಯ ಒಂದು ಭಾಗವನ್ನು ಎರಡೂ ಕಡೆಯಿಂದ ಅದುಮಿದಾಗ ಆಳದಲ್ಲಿ ಒಂದು ಬಂಡೆ ಇನ್ನೊಂದರ ಮೇಲೆ ಓರೆಯಾಗಿ ಏರುತ್ತದೆ. ಮೇಲಿನ ಮೆತ್ತನೆಯ ಪದರಗಳು ಒಡೆಯದೆ ಬರೀ ಬಾಗುತ್ತವೆ. ಚಾಪೆಯ ಒಂದು ತುದಿ ಹಿಡಿದು ತಳ್ಳಿದರೆ ನಡುವೆ ಉಬ್ಬು ಬರುತ್ತದಲ್ಲ, ಹಾಗೆ. ಮೇಲೆ ನಿಂತವರಿಗೆ ಕಾಣುವುದು ಒಂದು ತಗ್ಗು ಗುಡ್ಡ ಅಷ್ಟೇ.

ದೊಡ್ಡ ನಗರಗಳು ಬೆಳೆಯುವುದು ಎಂಥ ಕಡೆ? ನೆಲ ಸಮತಟ್ಟಾಗಿರಬೇಕು, ನೀರು ಬೇಕು, ಸಾಧ್ಯವಾದರೆ ಬಂದರೂ ಬೇಕು. ಅಂದರೆ ನದಿ ಬಯಲು, ಕಡಲಂಚು, ಬೆಟ್ಟದ ಬುಡ. ಫಾಲ್ಟ್‌ಗಳು ಹೂತುಹೋಗುವುದೂ ಇಂಥ ಜಾಗಗಳಲ್ಲೇ. ಅದರ ಮೇಲೆ ನಾವು ಕಾಂಕ್ರೀಟ್ ಹಾಕಿ ಇನ್ನೊಂದು ಸಲ ಮುಚ್ಚುತ್ತೇವೆ.

ಇದರ ಬೆಲೆ ಏನು ಅನ್ನುವುದಕ್ಕೆ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ನೆನಪಾಗುತ್ತದೆ. 2010ರ ಸೆಪ್ಟೆಂಬರ್ 4ರಂದು ಅದರ ಪಶ್ಚಿಮಕ್ಕೆ, ಸುಮಾರು 40 ಕಿಲೋಮೀಟರ್ ದೂರದ ಬಯಲಿನಲ್ಲಿ 7.1 ತೀವ್ರತೆಯ ಭೂಕಂಪ ಆಯಿತು. ಹೊಲ, ಬೇಲಿ, ರಸ್ತೆ ಎಲ್ಲದರ ಅಡ್ಡಕ್ಕೆ ಸುಮಾರು 30 ಕಿಲೋಮೀಟರ್ ಉದ್ದಕ್ಕೆ ನೆಲ ಜರುಗಿತು. ಆ ಫಾಲ್ಟ್ ಅಲ್ಲಿಯವರೆಗೆ ಯಾವ ನಕ್ಷೆಯಲ್ಲೂ ಇರಲಿಲ್ಲ. ಹಿಮಯುಗದ ಕಾಲದ ನದಿ ಜಲ್ಲಿ ಅದನ್ನು ಮುಚ್ಚಿತ್ತು. ಭೂಕಂಪ ಆದ ಮೇಲೆ ಅದಕ್ಕೆ ಗ್ರೀನ್‌ಡೇಲ್ ಅಂತ ಹೆಸರಿಟ್ಟರು. ಆವತ್ತು ದೊಡ್ಡ ಸಾವುನೋವು ಆಗಲಿಲ್ಲ. ಆದರೆ 2011ರ ಫೆಬ್ರವರಿ 22ರ ಮಧ್ಯಾಹ್ನ, ಜನ ಕೆಲಸದಲ್ಲಿ, ಅಂಗಡಿಗಳಲ್ಲಿ ಇದ್ದ ಹೊತ್ತಿಗೆ, ನಗರದ ಅಂಚಿನ ಪೋರ್ಟ್ ಹಿಲ್ಸ್ ಕೆಳಗೆ ಇನ್ನೊಂದು ಗೊತ್ತಿಲ್ಲದ ಫಾಲ್ಟ್ ಜರುಗಿತು. ತೀವ್ರತೆ 6.2, ಅಂದರೆ ಮೊದಲಿನದಕ್ಕಿಂತ ತುಂಬಾ ಚಿಕ್ಕದು. ಆದರೆ ಹತ್ತಿರ, ಕೆಲವೇ ಕಿಲೋಮೀಟರ್ ಆಳ. 185 ಜನ ಸತ್ತರು. ಪೂರ್ವದ ಬಡಾವಣೆಗಳಲ್ಲಿ ನೆಲದಡಿಯ ಮರಳು ನೀರಿನ ಹಾಗೆ ಹರಿದು ಮೇಲೆ ಉಕ್ಕಿತು. ಕೊನೆಗೆ ಸುಮಾರು 8,000 ಮನೆಗಳ ಜಾಗ ಇನ್ನು ವಾಸಕ್ಕೆ ಬೇಡ ಅಂತ ತೀರ್ಮಾನಿಸಬೇಕಾಯಿತು. ಆ ಎರಡನೇ ಫಾಲ್ಟ್ ನೆಲವನ್ನು ಸೀಳಲೇ ಇಲ್ಲ. ಇವತ್ತು ಅಲ್ಲಿ ಹೋಗಿ ನಿಂತರೂ ತೋರಿಸಲು ಒಂದು ಬಿರುಕಿಲ್ಲ.

ಹಾಗಾದರೆ ಭೂಕಂಪ ಆಗುವ ಮೊದಲೇ ಹುಡುಕುವುದು ಹೇಗೆ? ನಿಮ್ಮ ಎರಡನೇ ಪ್ರಶ್ನೆ ಇದೇ, ನನಗೆ ತುಂಬಾ ಇಷ್ಟವಾದ ಭಾಗವೂ ಇದೇ. ಇದರಲ್ಲಿ ಲಾಸ್ ಏಂಜಲೀಸ್ ಕಲಿಸಿದಷ್ಟನ್ನು ಬೇರೆ ನಗರ ಕಲಿಸಿಲ್ಲ ಅಂತ ನನ್ನ ಅನಿಸಿಕೆ.

ಬಹಳ ಕಾಲ ಅಲ್ಲಿ ಎಲ್ಲರ ಕಣ್ಣು ಸ್ಯಾನ್ ಆಂಡ್ರಿಯಾಸ್ ಫಾಲ್ಟ್ ಮೇಲೆ ಇತ್ತು. ಅದು ದೊಡ್ಡದು, ವಿಮಾನದಿಂದಲೇ ಕಾಣುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗಾ ಅನ್ನುವ ಚಿಕ್ಕ ಊರಿನ ಹತ್ತಿರ, ಯಾವ ಗೆರೆಯೂ ಇಲ್ಲದ ಕಡೆ, ದೊಡ್ಡ ಭೂಕಂಪ ಆಯಿತು. ಪಕ್ಕದ ಗುಡ್ಡ ಸುಮಾರು ಅರ್ಧ ಮೀಟರ್ ಮೇಲೆದ್ದಿತ್ತು. ಅಂದರೆ ಆ ಗುಡ್ಡ ಬೆಳೆದದ್ದೇ ಹೀಗೆ, ಒಂದೊಂದು ಭೂಕಂಪಕ್ಕೆ ಒಂದಿಷ್ಟು. ಆಗಿನಿಂದ ಇಂಥ ಉಬ್ಬುಗಳನ್ನು ಅನುಮಾನದಿಂದ ನೋಡಲು ಶುರುಮಾಡಿದರು. 1987ರ ಅಕ್ಟೋಬರ್ 1ರಂದು ಲಾಸ್ ಏಂಜಲೀಸ್‌ನ ಪೂರ್ವಕ್ಕೆ ವಿಟಿಯರ್ ನ್ಯಾರೋಸ್‌ನಲ್ಲಿ 5.9 ತೀವ್ರತೆಯ ಭೂಕಂಪ. ಅದೂ ಗೆರೆ ಇಲ್ಲದ ಕಡೆ. 1994ರ ಜನವರಿ 17ರ ನಸುಕಿನಲ್ಲಿ ಅದೇ ನಗರದ ನಾರ್ತ್‌ರಿಡ್ಜ್‌ನಲ್ಲಿ, 6.7. ಮೇಲುರಸ್ತೆಗಳು ಕುಸಿದವು, ಸುಮಾರು 60 ಜನ ಸತ್ತರು. ಜರುಗಿದ ಫಾಲ್ಟ್ ನೆಲದ ಮೇಲೆ ಬರಲೇ ಇಲ್ಲ.

ವಿಟಿಯರ್ ನ್ಯಾರೋಸ್ ಭೂಕಂಪಕ್ಕೆ ಕಾರಣ ಯಾವ ಫಾಲ್ಟ್ ಅನ್ನುವುದು ಸಿಕ್ಕಿದ್ದು 12 ವರ್ಷದ ನಂತರ, ಅದೂ ಎಣ್ಣೆ ಕಂಪನಿಗಳ ಹಳೆಯ ದಾಖಲೆಗಳಲ್ಲಿ. ಎಣ್ಣೆ ಹುಡುಕುವವರು ಲಾರಿಗಳಿಂದ ನೆಲವನ್ನು ಬಡಿದು ಕಂಪನ ಕಳಿಸುತ್ತಾರೆ. ಕಲ್ಲಿನ ಪದರಗಳಿಂದ ಆ ಕಂಪನ ತಿರುಗಿ ಬರುವುದನ್ನು ಅಳೆದು ನೆಲದಡಿಯ ಚಿತ್ರ ಬಿಡಿಸುತ್ತಾರೆ. ಅವರಿಗೆ ಬೇಕಾದದ್ದು ಪದರಗಳು ಕಮಾನಿನ ಹಾಗೆ ಬಾಗಿದ ಜಾಗ, ಯಾಕಂದರೆ ಎಣ್ಣೆ ಮೇಲಕ್ಕೆ ಏರಿ ಆ ಕಮಾನಿನ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಪದರಗಳನ್ನು ಬಾಗಿಸಿದ್ದು ಯಾರು? ಕೆಳಗಿನ ಕುರುಡು ಫಾಲ್ಟ್! ಎಣ್ಣೆಯ ಬೆನ್ನು ಹತ್ತಿದವರು ತಮಗೆ ಗೊತ್ತಿಲ್ಲದೆ ಭೂಕಂಪದ ಮೂಲವನ್ನೂ ಚಿತ್ರ ತೆಗೆದು ಇಟ್ಟಿದ್ದರು. 1999ರಲ್ಲಿ ಜಾನ್ ಶಾ ಮತ್ತು ಪೀಟರ್ ಶಿಯರರ್ ಅನ್ನುವ ವಿಜ್ಞಾನಿಗಳು ಆ ಚಿತ್ರಗಳನ್ನು ತೆಗೆದು, 1987ರ ಕಂಪನಗಳ ಜಾಗವನ್ನು ಇನ್ನೂ ನಿಖರವಾಗಿ ಲೆಕ್ಕ ಹಾಕಿ, ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ಕಂಪನಗಳು ಚಿತ್ರದಲ್ಲಿ ಕಂಡ ಓರೆ ಹಾಳೆಯ ಮೇಲೇ ಕೂತಿದ್ದವು. ಅದಕ್ಕೆ ಪುವೆಂಟೆ ಹಿಲ್ಸ್ ಅಂತ ಹೆಸರು. ಸುಮಾರು 40 ಕಿಲೋಮೀಟರ್ ಉದ್ದ, ನಗರದ ನಡುಭಾಗದ ಕೆಳಗೇ ಹಾದುಹೋಗುತ್ತದೆ, ಮೇಲಂಚು ಸುಮಾರು 3 ಕಿಲೋಮೀಟರ್ ಆಳದಲ್ಲಿ.

ಫಾಲ್ಟ್ ಇದೆ ಅಂತ ಗೊತ್ತಾಯಿತು, ಆದರೆ ಅದು ಹಿಂದೆ ದೊಡ್ಡದಾಗಿ ಜರುಗಿದೆಯಾ? ನೆಲ ಮುಟ್ಟುವ ಫಾಲ್ಟ್ ಆದರೆ ಅಡ್ಡಕ್ಕೆ ಕಂದಕ ತೋಡಿ, ಯಾವ ಪದರ ಒಡೆದಿದೆ, ಯಾವುದು ಒಡೆದಿಲ್ಲ ಅಂತ ನೋಡಿ, ಅದರಲ್ಲಿ ಸಿಕ್ಕ ಇದ್ದಿಲಿನ ವಯಸ್ಸು ಹಾಕಿದರೆ ಆಯಿತು. ಇಲ್ಲಿ 3 ಕಿಲೋಮೀಟರ್ ಕಂದಕ ತೋಡಲು ಆಗುವುದಿಲ್ಲ. ಅದಕ್ಕೆ ಜೇಮ್ಸ್ ಡೋಲನ್ ಮತ್ತು ಜೊತೆಗಾರರು ಫಾಲ್ಟ್ ಬಿಟ್ಟು ಅದರ ಮೇಲಿನ ಮಡಿಕೆಯನ್ನು, ಅಂದರೆ ಬಾಗಿದ ಪದರಗಳನ್ನು ಓದಿದರು. ಪ್ರತಿ ಭೂಕಂಪಕ್ಕೂ ಮಡಿಕೆಯ ಒಂದು ಬದಿ ಸ್ವಲ್ಪ ಏರುತ್ತದೆ, ನೆಲದ ಮೇಲೆ ಒಂದು ಸಣ್ಣ ಇಳಿಜಾರು ಹುಟ್ಟುತ್ತದೆ. ಆಮೇಲೆ ಪ್ರವಾಹ ಬಂದು ತಗ್ಗಿನ ಕಡೆ ಜಾಸ್ತಿ ಹೂಳು ತುಂಬಿ ಮತ್ತೆ ಮಟ್ಟ ಮಾಡುತ್ತದೆ. ಹಾಗಾಗಿ ಸಾಲಾಗಿ ಕೊಳವೆ ಕೊರೆದು ಮಣ್ಣು ತೆಗೆದು ನೋಡಿದರೆ ಒಂದು ಪದರ ಈ ಕಡೆ ತೆಳ್ಳಗೆ, ಆ ಕಡೆ ದಪ್ಪ. ಅಂಥ ಪ್ರತಿಯೊಂದು ವ್ಯತ್ಯಾಸದ ಹಿಂದೆ ಒಂದು ಭೂಕಂಪ. ಎಲ್ಲ ಸೇರಿಸಿ 2003ರಲ್ಲಿ ಅವರು ಹೇಳಿದ್ದು ಹೀಗೆ: ಕಳೆದ 11,000 ವರ್ಷದಲ್ಲಿ ಈ ಫಾಲ್ಟ್ ಕಡಿಮೆ ಅಂದರೂ ನಾಲ್ಕು ಸಲ ದೊಡ್ಡದಾಗಿ ಜರುಗಿದೆ, ಪ್ರತಿಯೊಂದೂ 7.2ರಿಂದ 7.5ರಷ್ಟು ತೀವ್ರತೆಯದು. ಮೇಲೆ ಮನೆ, ರಸ್ತೆ, ಅಂಗಡಿ. ಅವುಗಳ ನಡುವೆ ಸಿಕ್ಕ ಬೀದಿಯಲ್ಲಿ ಕೊಳವೆ ಕೊರೆದು ಬರೆದ ಇತಿಹಾಸ ಇದು. ಈ ಕೆಲಸವನ್ನು ನೆನೆದರೆ ನನಗೆ ಈಗಲೂ ರೋಮಾಂಚನ ಆಗುತ್ತದೆ.

ಭೂಮಿ ಈಗಲೂ ಅದುಮಿಸಿಕೊಳ್ಳುತ್ತಿದೆಯಾ ಅಂತ ತಿಳಿಯಲು ಜಿಪಿಎಸ್ ಇದೆ. ಗಟ್ಟಿಯಾಗಿ ನೆಟ್ಟ ಜಿಪಿಎಸ್ ಕೇಂದ್ರಗಳು ವರ್ಷಕ್ಕೆ ಒಂದು ಮಿಲಿಮೀಟರ್ ಚಲನೆಯನ್ನೂ ಹಿಡಿಯುತ್ತವೆ. ಆದರೆ ನಗರದಲ್ಲಿ ನೆಲ ಬೇರೆ ಕಾರಣಕ್ಕೂ ಅಲುಗುತ್ತದೆ. ಅಂತರ್ಜಲ ಎತ್ತಿದರೆ ಕುಸಿಯುತ್ತದೆ, ಮತ್ತೆ ನೀರು ತುಂಬಿದರೆ ಉಬ್ಬುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉಪಗ್ರಹದ ರಾಡಾರ್ ಚಿತ್ರಗಳನ್ನೂ ಸೇರಿಸಿ ನೋಡಿದಾಗ ಲಾಸ್ ಏಂಜಲೀಸ್ ಪಕ್ಕದ ಸಾಂಟಾ ಆನಾ ಪ್ರದೇಶದ ನೆಲ ಋತುವಿನಿಂದ ಋತುವಿಗೆ 55 ಮಿಲಿಮೀಟರ್‌ವರೆಗೆ ಏರಿಳಿಯುವುದು ಕಂಡಿತು. ಹುಡುಕುತ್ತಿರುವ ಫಾಲ್ಟ್ ಚಲನೆ ವರ್ಷಕ್ಕೆ ನಾಲ್ಕೈದು ಮಿಲಿಮೀಟರ್ ಮಾತ್ರ! ನೀರಿನ ಪಾಲನ್ನು ಕಳೆದ ಮೇಲೆ ಉಳಿದದ್ದು ವರ್ಷಕ್ಕೆ ಸುಮಾರು 4.4 ಮಿಲಿಮೀಟರ್. ಅಂದರೆ ಈಶಾನ್ಯ ನೈಋತ್ಯವಾಗಿ ನಗರ ಅಷ್ಟು ಕುಗ್ಗುತ್ತಿದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಸಾವಿರ ವರ್ಷಕ್ಕೆ ಅದು ನಾಲ್ಕು ಮೀಟರ್‌ಗಿಂತ ಜಾಸ್ತಿ. ಆ ಅದುಮುವಿಕೆ ಕಲ್ಲಿನಲ್ಲಿ ಸ್ಪ್ರಿಂಗ್ ಹಾಗೆ ಕೂಡಿಕೊಳ್ಳುತ್ತಾ ಹೋಗುತ್ತದೆ, ಅದನ್ನು ಹಂಚಿಕೊಳ್ಳಲು ಕೆಳಗೆ ಹಲವು ಫಾಲ್ಟ್‌ಗಳಿವೆ.

ಕಾಡು ತುಂಬಿದ ಕಡೆ ಬೇರೆ ದಾರಿ. ಅಮೆರಿಕದ ಸಿಯಾಟಲ್ ನಗರದ ಕೆಳಗೆ ಏನೋ ಇದೆ ಅನ್ನುವ ಸುಳಿವು 1960ರ ದಶಕದ ಗುರುತ್ವಾಕರ್ಷಣೆ ಅಳತೆಗಳಲ್ಲೇ ಇತ್ತು. ಭಾರದ ಬಂಡೆ ಹತ್ತಿರ ಇದ್ದರೆ ಗುರುತ್ವ ತುಸು ಜಾಸ್ತಿ, ಹಗುರ ಹೂಳು ಇದ್ದರೆ ತುಸು ಕಡಿಮೆ. ಅಲ್ಲಿ ಆ ಬದಲಾವಣೆ ತೀರಾ ತಟ್ಟನೆ ಆಗುತ್ತಿತ್ತು. ಆದರೆ ಆ ಫಾಲ್ಟ್ ಈಗಲೂ ಜೀವಂತ ಅಂತ ಸಾಬೀತಾದದ್ದು 1992ರಲ್ಲಿ. ಹಿಂದೆ ಯಾವಾಗಲೋ ಆದ ಒಂದು ಭೂಕಂಪದಲ್ಲಿ ಹತ್ತಿರದ ಬೇನ್‌ಬ್ರಿಜ್ ದ್ವೀಪದ ಕಡಲ ಅಂಚಿನ ನೆಲ ಒಂದೇ ಸಲಕ್ಕೆ ಸುಮಾರು 7 ಮೀಟರ್ ಮೇಲೆದ್ದಿತ್ತು. ಅದೇ ದ್ವೀಪದ ಮೇಲೆ 1990ರ ದಶಕದ ಕೊನೆಗೆ ಅಂತರ್ಜಲದ ಕೆಲಸಕ್ಕೆ ವಿಮಾನದಿಂದ ಲೈಡಾರ್ ಸಮೀಕ್ಷೆ ಮಾಡಿಸಿದರು. ಲೈಡಾರ್ ಅಂದರೆ ಲೇಸರ್ ಮಿಂಚುಗಳಿಂದ ನೆಲ ಅಳೆಯುವುದು. ಎಲೆಗಳ ನಡುವೆ ನುಸುಳಿ ನೆಲ ಮುಟ್ಟಿ ಬಂದ ಮಿಂಚುಗಳನ್ನು ಮಾತ್ರ ಉಳಿಸಿಕೊಂಡರೆ ಕಂಪ್ಯೂಟರ್‌ನಲ್ಲಿ ಕಾಡು ಮಾಯವಾಗುತ್ತದೆ. ಹಾಗೆ ಬೋಳಾದ ನೆಲದ ಮೇಲೆ ಯಾರೂ ನೋಡಿರದ ಉದ್ದನೆಯ ಮೆಟ್ಟಿಲೊಂದು ಎದ್ದು ಕಂಡಿತು. ಅಲ್ಲಿ ಕಂದಕ ತೋಡಿದರು, ಫಾಲ್ಟ್ ಸಿಕ್ಕಿತು.

ಆ ಭೂಕಂಪದ ಕಾಲವನ್ನು ಹಿಡಿದ ರೀತಿ ಇನ್ನೂ ಸೊಗಸು. ಆವತ್ತು ಗುಡ್ಡ ಕುಸಿದು ಮರಗಳು ಬುಡಸಮೇತ ಕೆರೆಗೆ ಜಾರಿ, ನೀರಿನಡಿ ಹಾಗೇ ಉಳಿದಿದ್ದವು. ಕ್ರಿ.ಶ. 774 ಮತ್ತು 775ರ ನಡುವೆ ಆಕಾಶದಿಂದ ಬಂದ ವಿಕಿರಣ ಒಮ್ಮೆಲೇ ಏರಿತ್ತು. ಅದರ ಗುರುತು ಜಗತ್ತಿನ ಎಲ್ಲ ಮರಗಳ ಆ ವರ್ಷದ ಉಂಗುರದಲ್ಲಿ ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲದ ರೂಪದಲ್ಲಿ ಇದೆ. ಆ ಉಂಗುರವನ್ನು ಹಿಡಿದು ತೊಗಟೆಯವರೆಗೆ ಎಣಿಸಿದರೆ ಮರ ಸತ್ತ ವರ್ಷ ಸಿಗುತ್ತದೆ. 2023ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕ್ರಿ.ಶ. 923ರ ಕೊನೆ ಮತ್ತು 924ರ ಆರಂಭದ ನಡುವಿನ ಕೆಲವು ತಿಂಗಳಲ್ಲಿ ಆ ಮರಗಳು ಸತ್ತವು. ಬೇರೆ ಬೇರೆ ಜಾಗಗಳ ಮರಗಳೂ ಅದೇ ಅವಧಿಯಲ್ಲಿ ಸತ್ತಿದ್ದರಿಂದ, ಒಂದೇ ದೊಡ್ಡ ಭೂಕಂಪ ಅಥವಾ ಬೆನ್ನುಬೆನ್ನಿಗೆ ಎರಡು ಆಗಿರಬೇಕು. ಒಂದು ಫಾಲ್ಟ್ ಪಕ್ಕದ ಫಾಲ್ಟನ್ನೂ ಎಬ್ಬಿಸಬಹುದು ಅನ್ನುವುದು ಸಿಯಾಟಲ್‌ನಂಥ ನಗರಕ್ಕೆ ಹಗುರ ಸುದ್ದಿಯಲ್ಲ.

ಇನ್ನು ನಗರದ ಗದ್ದಲದ ವಿಷಯ. ದೊಡ್ಡ ಭೂಕಂಪಗಳು ಅಪರೂಪ, ಆದರೆ ಫಾಲ್ಟ್‌ಗಳ ಮೇಲೆ ಮನುಷ್ಯರಿಗೆ ಗೊತ್ತೇ ಆಗದ ಸಣ್ಣ ಸಣ್ಣ ಕಂಪನಗಳು ಆಗುತ್ತಲೇ ಇರುತ್ತವೆ. ಅವು ಎಲ್ಲಿ ಸಾಲಾಗಿ ಕೂಡುತ್ತವೆ ಅಂತ ನೋಡಿದರೆ ಅಡಗಿದ ಹಾಳೆಯ ಆಕಾರ ಮೂಡಿಬರುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ 2008ರಿಂದ 2017ರವರೆಗಿನ ದಾಖಲೆಗಳನ್ನು ಕಂಪ್ಯೂಟರ್‌ನಿಂದ ಮತ್ತೆ ಜಾಲಾಡಿದಾಗ 18 ಲಕ್ಷಕ್ಕೂ ಜಾಸ್ತಿ ಕಂಪನಗಳು ಸಿಕ್ಕವು, ಮೊದಲಿನ ಪಟ್ಟಿಯ ಸುಮಾರು ಹತ್ತು ಪಟ್ಟು. ಸರಾಸರಿ ಮೂರು ನಿಮಿಷಕ್ಕೆ ಒಂದು. ಆದರೆ ನಗರದ ನಡುವೆ ಇದನ್ನು ಕೇಳಿಸಿಕೊಳ್ಳುವುದು ಕಷ್ಟ. ಬಸ್ಸು, ರೈಲು, ಲಾರಿ, ಪಂಪು, ಎಲ್ಲವೂ ನೆಲವನ್ನು ಅಲುಗಾಡಿಸುತ್ತವೆ. ಟೋಕಿಯೊ ಸುತ್ತ ಸುಮಾರು 300 ಕಡೆ, ಎಷ್ಟೋ ಶಾಲೆಗಳ ಅಂಗಳದಲ್ಲೂ, 20 ಮೀಟರ್ ಆಳದ ಕೊಳವೆಯೊಳಗೆ ಸೆನ್ಸರ್ ಇಳಿಸಿದ್ದಾರೆ, ಮೇಲಿನ ಸದ್ದು ಅಲ್ಲಿಗೆ ಸ್ವಲ್ಪ ಕಡಿಮೆ ತಲುಪಲಿ ಅಂತ.

ಸದ್ದು ಶತ್ರು ಮಾತ್ರ ಅಲ್ಲ. ಎರಡು ಸೆನ್ಸರ್‌ಗಳು ತಿಂಗಳುಗಟ್ಟಲೆ ಕೇಳಿದ ಗದ್ದಲವನ್ನು ಒಂದರ ಜೊತೆ ಒಂದು ಹೋಲಿಸಿದರೆ, ಒಂದರಿಂದ ಇನ್ನೊಂದಕ್ಕೆ ಅಲೆ ಹೋಗಲು ಎಷ್ಟು ಹೊತ್ತು ಬೇಕು ಅನ್ನುವುದು ಅದರೊಳಗಿಂದ ಹೊರಬರುತ್ತದೆ. ಮೆತ್ತನೆ ಮಣ್ಣಿನಲ್ಲಿ ಅಲೆ ನಿಧಾನ, ಗಟ್ಟಿ ಕಲ್ಲಿನಲ್ಲಿ ವೇಗ. ಸಾವಿರಾರು ಜೋಡಿಗಳ ಲೆಕ್ಕ ಸೇರಿದರೆ ನೆಲದಡಿಯ ಚಿತ್ರ ಸಿಗುತ್ತದೆ. ಏನೂ ಸಿಡಿಸಬೇಕಿಲ್ಲ, ಎಲ್ಲೂ ಅಗೆಯಬೇಕಿಲ್ಲ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಇದನ್ನು ಮಾಡಿದರು. ಅಲ್ಲಿ 1933ರಲ್ಲಿ ನ್ಯೂಪೋರ್ಟ್-ಇಂಗಲ್‌ವುಡ್ ಫಾಲ್ಟ್ ಮೇಲೆ 6.4ರ ಭೂಕಂಪ ಆಗಿ ನೂರಕ್ಕೂ ಜಾಸ್ತಿ ಜನ ಸತ್ತಿದ್ದರು. 2011ರಲ್ಲಿ ಎಣ್ಣೆ ಸಮೀಕ್ಷೆಗೆ ಅಂತ ಸುಮಾರು 100 ಮೀಟರ್‌ಗೆ ಒಂದರಂತೆ 5,000ಕ್ಕೂ ಹೆಚ್ಚು ಸೆನ್ಸರ್ ಇಟ್ಟಿದ್ದರು. ಆ ದಾಖಲೆಯಿಂದ ಫಾಲ್ಟ್ ಎರಡೂ ಬದಿಯ ನೆಲ ಎಷ್ಟು ಬೇರೆ ಅನ್ನುವುದು ಸ್ಪಷ್ಟವಾಗಿ ಕಂಡಿತು.

ಅದೇ ದಾಖಲೆಯಿಂದ 2016ರಲ್ಲಿ ಇನ್ನೊಂದು ತಂಡ, ಅಲ್ಲಿ ತುಂಬಾ ಆಳದಲ್ಲಿ, ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್‌ನಲ್ಲೂ ಸಣ್ಣ ಕಂಪನಗಳಾಗುತ್ತಿವೆ ಅಂತ ಹೇಳಿತು. ದೊಡ್ಡ ಸುದ್ದಿಯಾಯಿತು. 2022ರಲ್ಲಿ ಬೇರೆ ತಂಡ ಯಂತ್ರಕಲಿಕೆಯಿಂದ ನಗರದ ಸದ್ದನ್ನು ಸೋಸಿ ಅದೇ ದಾಖಲೆಯನ್ನು ಮತ್ತೆ ನೋಡಿದಾಗ ಮ್ಯಾಂಟಲ್ ಕಂಪನಗಳಿಗೆ ಆಧಾರ ಸಿಗಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಕೆಲಸದಲ್ಲಿ ಸದ್ದು ಯಾವುದು, ಸುಳಿವು ಯಾವುದು ಅಂತ ಬೇರ್ಪಡಿಸುವುದೇ ಅರ್ಧ ಕೆಲಸ. ಟೋಕಿಯೊದ ಪಶ್ಚಿಮಕ್ಕೆ ತಾಚಿಕಾವಾ ಫಾಲ್ಟ್ ಮೇಲೆ, ಹಿಂದೆ ಕಾರ್ಖಾನೆ ಇದ್ದ ಜಾಗದಲ್ಲಿ ಒಂದು ತಂಡ ದೊಡ್ಡ ಕಂದಕ ತೋಡಿತ್ತು. 2013ರಲ್ಲಿ ಫಾಲ್ಟ್ ಜರುಗಿದ ಗುರುತು ಸಿಕ್ಕಿದೆ ಅಂತ ಪ್ರಕಟಿಸಿದರು. ಆಮೇಲೆ ನೋಡಿದರೆ ಅದು ಮನುಷ್ಯರು ಹಾಕಿದ ಕಾಂಕ್ರೀಟ್‌ನಂಥ ವಸ್ತು. ತಂಡವೇ ಬಹಿರಂಗವಾಗಿ ತಪ್ಪು ಒಪ್ಪಿಕೊಂಡಿತು. ನಗರದ ನೆಲವನ್ನು ಮನುಷ್ಯ ಎಷ್ಟು ಸಲ ಅಗೆದು, ತುಂಬಿ, ಮತ್ತೆ ಅಗೆದಿರುತ್ತಾನೆ ಅಂದರೆ, ಪಳಗಿದ ಕಣ್ಣೂ ಮೋಸ ಹೋಗುತ್ತದೆ. ಹಾಗಾಗಿ ಒಂದೇ ವಿಧಾನದ ಮೇಲೆ ನಿಂತ ಘೋಷಣೆಯನ್ನು ನಾನು ಅಷ್ಟು ಬೇಗ ನಂಬುವುದಿಲ್ಲ. ಮಡಿಕೆ, ಸಣ್ಣ ಕಂಪನ, ಜಿಪಿಎಸ್, ಕೊಳವೆಯ ಮಣ್ಣು, ಇವುಗಳಲ್ಲಿ ಎರಡು ಮೂರಾದರೂ ಒಂದೇ ಕಡೆ ಬೆರಳು ತೋರಿಸಬೇಕು.

ಈಚೆಗೆ ಬಂದಿರುವ ಇನ್ನೊಂದು ಸಾಧನ ನಗರಗಳಿಗೇ ಹೇಳಿ ಮಾಡಿಸಿದ ಹಾಗಿದೆ. ಇಂಟರ್ನೆಟ್‌ಗೆ ಹಾಕಿದ ಆಪ್ಟಿಕಲ್ ಫೈಬರ್ ಕೇಬಲ್‌ಗಳಲ್ಲಿ ಬಳಸದೆ ಬಿಟ್ಟ ಎಳೆಗಳು ಬೇಕಾದಷ್ಟು ಇರುತ್ತವೆ. ಒಂದು ತುದಿಯಿಂದ ಲೇಸರ್ ಬಿಟ್ಟರೆ ಗಾಜಿನಲ್ಲಿರುವ ಅತಿ ಸಣ್ಣ ಕುಂದುಗಳಿಂದ ಬೆಳಕು ಸ್ವಲ್ಪ ಸ್ವಲ್ಪ ಹಿಂದಿರುಗುತ್ತದೆ. ನೆಲ ಕಂಪಿಸಿ ಎಳೆ ಕೂದಲಷ್ಟು ಹಿಗ್ಗಿದರೂ ಹಿಂದಿರುಗುವ ಬೆಳಕು ಬದಲಾಗುತ್ತದೆ. ಹೀಗೆ ಹತ್ತಾರು ಕಿಲೋಮೀಟರ್ ಕೇಬಲ್ ಕೆಲವು ಮೀಟರ್‌ಗೆ ಒಂದರಂತೆ ಸಾವಿರಾರು ಸೆನ್ಸರ್ ಆಗಿಬಿಡುತ್ತದೆ. ಫಾಲ್ಟನ್ನು ಮುಚ್ಚಿದ ರಸ್ತೆಯ ಕೆಳಗೇ ಅದನ್ನು ಕೇಳಿಸಿಕೊಳ್ಳುವ ಕಿವಿಯೂ ಇದೆ.

ಕೊನೆಯ ಪ್ರಶ್ನೆ, ಯಾವಾಗ? ದಿನ, ತಿಂಗಳು, ವರ್ಷ ಹೇಳಲು ಆಗುವುದಿಲ್ಲ. ಯಾರಾದರೂ ಹೇಳಿದರೆ ನಂಬಬೇಡಿ. 11,000 ವರ್ಷದಲ್ಲಿ ನಾಲ್ಕು ಸಲ ಅಂದರೆ ಸರಾಸರಿ ಎರಡೂವರೆ ಮೂರು ಸಾವಿರ ವರ್ಷಕ್ಕೆ ಒಂದು, ಆದರೆ ಫಾಲ್ಟ್‌ಗಳು ಸರಾಸರಿ ನೋಡಿಕೊಂಡು ಜರುಗುವುದಿಲ್ಲ. ನಗರದ ಕೆಳಗೆ ಅಂಥ ಫಾಲ್ಟ್ ಒಂದೇ ಇರಬೇಕು ಅಂತಲೂ ಇಲ್ಲ. ಒಂದೊಂದೂ ಅಪರೂಪ ಆದರೂ ಎಲ್ಲ ಸೇರಿದರೆ ಅಷ್ಟು ಅಪರೂಪ ಅಲ್ಲ.

ಹೇಳಲು ಆಗುವುದು ಬೇರೆ ಇದೆ, ಅದು ದಿನಾಂಕಕ್ಕಿಂತ ಕಡಿಮೆ ಉಪಯೋಗದ್ದೇನೂ ಅಲ್ಲ. ಹಾಳೆಯ ಅಳತೆ ಗೊತ್ತಾದರೆ ಅತಿ ದೊಡ್ಡ ಭೂಕಂಪ ಎಷ್ಟಿರಬಹುದು ಅಂತ ಗೊತ್ತಾಗುತ್ತದೆ. ಅದರ ಓರೆ ಯಾವ ಕಡೆ ಅಂತ ಗೊತ್ತಾದರೆ ಯಾವ ಬಡಾವಣೆಗೆ ಏಟು ಜೋರು ಅಂತ ಲೆಕ್ಕ ಹಾಕಬಹುದು. ಪುವೆಂಟೆ ಹಿಲ್ಸ್‌ಗೆ 2005ರಲ್ಲಿ ಅಂಥ ಲೆಕ್ಕ ಹಾಕಿದರು. ಇಡೀ ಫಾಲ್ಟ್ ಜರುಗಿದರೆ 3,000ದಿಂದ 18,000 ಸಾವು, 82ರಿಂದ 252 ಶತಕೋಟಿ ಡಾಲರ್ ನಷ್ಟ ಅಂತ ಬಂತು. ಸ್ಯಾನ್ ಆಂಡ್ರಿಯಾಸ್ ಅಷ್ಟು ಪ್ರಸಿದ್ಧ ಆದರೂ ನಗರದ ನಡುಭಾಗದಿಂದ ಐವತ್ತು ಕಿಲೋಮೀಟರ್‌ಗೂ ಜಾಸ್ತಿ ದೂರ. ಇದು ಕಾಲ ಕೆಳಗೆ.

ನೆಲದ ಮಣ್ಣು ಎಂಥದ್ದು ಅನ್ನುವುದೂ ಫಾಲ್ಟ್‌ನಷ್ಟೇ ಮುಖ್ಯ. 1995ರ ಜನವರಿ 17ರಂದು ಜಪಾನಿನ ಕೋಬೆ ಭೂಕಂಪದಲ್ಲಿ 6,434 ಜನ ಸತ್ತರು. ಕೋಬೆಯಲ್ಲಿ ಅತಿ ಹೆಚ್ಚು ಹಾನಿಯಾದ ಉದ್ದನೆಯ ಪಟ್ಟಿ ಫಾಲ್ಟ್‌ನ ನೇರ ಮೇಲೆ ಇರಲಿಲ್ಲ. ಅದರಿಂದ ಸುಮಾರು ಒಂದು ಕಿಲೋಮೀಟರ್ ಪಕ್ಕಕ್ಕೆ, ಬೆಟ್ಟದ ಬಂಡೆ ಮುಗಿದು ಮೆತ್ತನೆ ಹೂಳು ಶುರುವಾಗುವ ಕಡೆ ಇತ್ತು. ಕೆಳಗಿನಿಂದ ನೇರವಾಗಿ ಬಂದ ಅಲೆಯೂ ಬಂಡೆಯ ಅಂಚಿನಿಂದ ಅಡ್ಡಕ್ಕೆ ಬಂದ ಅಲೆಯೂ ಅಲ್ಲಿ ಕೂಡಿ ಏಟು ಇಮ್ಮಡಿಯಾಗಿತ್ತು. ಫಾಲ್ಟ್ ಹುಡುಕಲು ಮಾಡಿದ ನೆಲದಡಿಯ ಚಿತ್ರಗಳಲ್ಲಿ ಇಂಥ ಹೂಳಿನ ಅಂಚುಗಳೂ ಕಾಣುತ್ತವೆ. ನನ್ನ ಮಟ್ಟಿಗೆ ಈ ಅಧ್ಯಯನಗಳಿಂದ ನಗರಕ್ಕೆ ಸಿಗುವ ಅತಿ ದೊಡ್ಡ ಲಾಭ ಇದೇ.

ಹಾಗಾಗಿ ನಿಮ್ಮ ನಗರದ ವಿಷಯದಲ್ಲಿ ಫಾಲ್ಟ್ ನಕ್ಷೆಯೊಂದನ್ನೇ ನೋಡಬೇಡಿ. ಸೂಕ್ಷ್ಮ ವಲಯ ನಕ್ಷೆ, ಅಂದರೆ ಯಾವ ಬೀದಿಯ ಕೆಳಗೆ ಎಂಥ ಮಣ್ಣು, ಎಷ್ಟು ಆಳ, ಅಲ್ಲಿ ಕಂಪನ ಎಷ್ಟು ಹೆಚ್ಚಬಹುದು ಅಂತ ಹೇಳುವ ನಕ್ಷೆ ಆಗಿದೆಯಾ ಅಂತ ವಿಚಾರಿಸಿ. ಹಳೆಯ ಕೆರೆ, ಜೌಗು, ನದಿಪಾತ್ರ ತುಂಬಿಸಿ ಮಾಡಿದ ಜಾಗವಾ ಅಂತ ನೋಡಿ. ಆಮೇಲೆ ಕಟ್ಟಡ ನೋಡಿ. 2015ರಲ್ಲಿ ಲಾಸ್ ಏಂಜಲೀಸ್ ನಗರ ಒಂದು ನಿಯಮ ತಂದಿತು. ನೆಲಮಹಡಿಯಲ್ಲಿ ಗೋಡೆ ಇಲ್ಲದೆ ಬರೀ ಕಂಬಗಳ ನಡುವೆ ಕಾರು ನಿಲ್ಲಿಸುವ ಹಳೆಯ ಮರದ ಅಪಾರ್ಟ್‌ಮೆಂಟ್‌ಗಳನ್ನೂ, ಹಳೆಯ ರೀತಿಯ ಕಾಂಕ್ರೀಟ್ ಕಟ್ಟಡಗಳನ್ನೂ ಮಾಲೀಕರು ಬಲಪಡಿಸಲೇಬೇಕು ಅಂತ. ಮೊದಲನೆಯದಕ್ಕೆ 7 ವರ್ಷ, ಎರಡನೆಯದಕ್ಕೆ 25 ವರ್ಷ ಗಡುವು. ನಾರ್ತ್‌ರಿಡ್ಜ್‌ನಲ್ಲಿ 1994ರಲ್ಲಿ ಕುಸಿದು ಜನರನ್ನು ಕೊಂದದ್ದು ಮೊದಲನೆಯ ಥರದ್ದೇ ಒಂದು ಕಟ್ಟಡ. ನೀವಿರುವ ಕಟ್ಟಡದ ನೆಲಮಹಡಿಯೂ ಹಾಗೇ ಇದ್ದರೆ, ಮೊದಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ, ಕಂಬಗಳನ್ನು ಬಲಪಡಿಸಬೇಕಾ ಅಂತ ಕೇಳಿ.